ಮೂತಿಗೆ ನೂರು ಕೆಜಿ, ಗಾಲಿಗೆ ನೀರು: ಮೂರು ವರ್ಷ ಬಳಸಿದ ಮೇಲೆ

ಹಾವೇರಿ ಕಡೆ ನಮ್ಮದು ಎರೆ ಹೊಲ. 45 ಎಚ್‌ಪಿ ಟ್ರ್ಯಾಕ್ಟರ್, ಹಿಂದೆ ಕಟ್ಟಿ ಮಣ್ಣು ಪುಡಿ ಮಾಡೋ ಆರಡಿ ರೋಟವೇಟರ್, ಒಂದು ಪಲ್ಟಿ ನೇಗಿಲು. ಮೂತಿಗೆ 20 ಕೆಜಿಯ ಐದು ಬೀಡಿನ ತೂಕ ಹಾಕಿಸಿ, ಹಿಂದಿನ ಗಾಲಿಗೆ ನೀರು ತುಂಬಿಸಿ ಮೂರು ವರ್ಷ ಆಯ್ತು.

ತೂಕ ತಗೊಂಡಿದ್ದು ಹೆದರಿಕೊಂಡು. ರೋಟವೇಟರ್ ಎತ್ತಿಕೊಂಡು ಬದು ಹತ್ತಿಸ್ತಾ ಇದ್ದೆ. ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರಾಯ್ತು. ನೋಡಿದರೆ ಮುಂದಿನ ಗಾಲಿ ಗಾಳಿಯಲ್ಲಿದೆ. ಕ್ಲಚ್ ಒತ್ತಿದೆ, ಮೂತಿ ದೊಪ್ಪನೆ ಕೆಳಗೆ ಬಿತ್ತು. ಕೈ ನಡುಕ ನಿಲ್ಲೋಕೆ ಎರಡು ಕಪ್ ಚಹಾ ಬೇಕಾಯ್ತು.

ಆಮೇಲೆ ಲೆಕ್ಕ ಹಾಕಿದೆ. ಹಿಂದಿನ ಅಚ್ಚು ತಕ್ಕಡಿಯ ನಡು ಇದ್ದಂಗೆ. 420 ಕೆಜಿ ರೋಟವೇಟರಿನ ಭಾರ ಅಲ್ಲಿಂದ ನಾಲ್ಕಡಿ ಹಿಂದೆ, ಮುಂದಿನ ಗಾಲಿ ಆರೂವರೆ ಅಡಿ ಮುಂದೆ. ಲಿಫ್ಟ್ ಎತ್ತಿದ ಕೂಡಲೇ ಮೂತಿಯಿಂದ ಹೆಚ್ಚುಕಡಿಮೆ 260 ಕೆಜಿ ಮಾಯ! ಟ್ರ್ಯಾಕ್ಟರಿನ ತೂಕದಲ್ಲಿ ಶೇ 20 ಆದರೂ ಮುಂದಿನ ಗಾಲಿ ಮೇಲೆ ಇರಬೇಕು ಅನ್ನೋದು ನಿಯಮ. ಸಮ ನೆಲದಲ್ಲಿ ಅಷ್ಟು ಉಳಿಯುತ್ತೆ. ಬದು ಹತ್ತುವಾಗ, ಗುಂಡಿಯಲ್ಲಿ ಕುಣಿದಾಗ ಉಳಿಯಲ್ಲ. ಮಾರುವಾಗ ಶೋರೂಮಿನವರು ಇದನ್ನ ಬಾಯಿಬಿಟ್ಟಿರಲಿಲ್ಲ.

ಐದು ತೂಕ ಮುಂದಿನ ಅಚ್ಚಿಗಿಂತ ಎರಡಡಿ ಮುಂದೆ ತೂಗುತ್ತವೆ. ಹಾಗಾಗಿ 100 ಕೆಜಿ ಹಾಕಿದರೆ ಮುಂದಿನ ಗಾಲಿಗೆ 130 ಸಿಗುತ್ತೆ. ಆ ಜಾಸ್ತಿ 30 ಹಿಂದಿನ ಗಾಲಿಯಿಂದ ಬಂದದ್ದು. ಈಗ ಸ್ಟೇರಿಂಗ್ ಮಾತು ಕೇಳುತ್ತೆ. ನಮ್ಮೂರಲ್ಲಿ ಕೆಲವರು ದುಡ್ಡು ಉಳಿಸೋಕೆ ಬಂಪರ್ ಮೇಲೆ ಹುಡುಗರನ್ನ ಕೂರಿಸ್ತಾರೆ. ಜಾರಿದರೆ ಬೀಳೋದು ನೇರ ಗಾಲಿ ಕೆಳಗೇ, ಅಲ್ವಾ?

ನೀರಿನ ಕಥೆ ಬೇರೆ. ಅದು ಉಳುವಾಗ ಹಿಂದಿನ ಗಾಲಿ ಜಾರದಿರಲಿ ಅಂತ ಹಾಕೋ ಭಾರ. ಗಾಲಿ ಜಾಕ್ ಮೇಲೆ ಎತ್ತಿ, ವಾಲ್ವ್ ಮೇಲಕ್ಕೆ ಬರುವಂತೆ ತಿರುಗಿಸಿ, ವಾಲ್ವಿನ ಮಟ್ಟಕ್ಕೆ ನೀರು ಬಂದರೆ ಮುಕ್ಕಾಲು ತುಂಬಿದ ಲೆಕ್ಕ. ಉಳಿದ ಕಾಲು ಭಾಗ ಗಾಳಿಯೇ ಇರಬೇಕು, ಇಲ್ಲಾಂದ್ರೆ ಟೈರ್ ಕಲ್ಲಾಗುತ್ತೆ. ನನ್ನ 13.6-28 ಅಳತೆಯ ಟೈರಿಗೆ ತಲಾ 200 ಲೀಟರ್ ಹತ್ತಿರ ಹಿಡಿಯಿತು.

ಉಪಯೋಗ ಆಯ್ತಾ? ಟೈರಿಗೆ ಸುಣ್ಣದ ಗೆರೆ ಎಳೆದು ನೋಡಿದೆ. ನೇಗಿಲು ಮಣ್ಣಲ್ಲಿದ್ದಾಗ ಗಾಲಿ ಹತ್ತು ಸುತ್ತು ಹೊಡೆದಷ್ಟು ದೂರವನ್ನು ನೇಗಿಲು ಎತ್ತಿ ಓಡಿಸಿದರೆ ಏಳೂವರೆ ಸುತ್ತಿಗೇ ಮುಗಿಸ್ತಿತ್ತು. ಅಂದ್ರೆ ಶೇ 25 ಜಾರು, ಡೀಸೆಲ್ ಮಣ್ಣುಪಾಲು. ನೀರು ತುಂಬಿದ ಮೇಲೆ ಆ ಏಳೂವರೆ ಎಂಟೂಮುಕ್ಕಾಲಾಯ್ತು, ಅಂದ್ರೆ ಜಾರು ಶೇ 12.5ಕ್ಕೆ ಇಳಿಯಿತು. ಶೇ 10ರಿಂದ 15 ಜಾರಿದರೆ ಸರಿ. ಆದರೆ ಇದೆಲ್ಲ ನೇಗಿಲಿಗೆ. ರೋಟವೇಟರಿನ ಕತ್ತಿಗಳೇ ಟ್ರ್ಯಾಕ್ಟರನ್ನು ಮುಂದಕ್ಕೆ ನೂಕುತ್ತವೆ, ಅದಕ್ಕೆ ನೀರು ದಂಡ.

ತೂಕ ಹಾಕಿ ಮರೆತುಬಿಡಬಹುದು ಅಂದುಕೊಂಡಿದ್ದೆ, ಅದು ತಪ್ಪು. ಹಾನಗಲ್ ಕಡೆ ಗದ್ದೆ ಕೆಸರು ಹೊಡೆಯೋಕೆ ಬಾಡಿಗೆಗೆ ಹೋದಾಗ ಈ ಭಾರಕ್ಕೆ ಗಾಡಿ ಅಚ್ಚಿನ ತನಕ ಹೂತಿತ್ತು. ತೂಕಗಳ ಅಡ್ಡ ಬೋಲ್ಟ್ ಸಡಿಲಾಗಿ ಗಡಗಡ ಅನ್ನುತ್ತೆ, ವಾರಕ್ಕೊಮ್ಮೆ ಬಿಗಿ ಮಾಡಬೇಕು. ಇನ್ನೊಮ್ಮೆ ತಗೊಂಡರೆ ಮೂತಿಯ ತೂಕ ಖಂಡಿತ ತಗೋತೀನಿ. ನೀರಂತೂ ಬೇಸಿಗೆ ಉಳುಮೆಗೆ ಮಾತ್ರ, ಟ್ರೇಲರ್ ಸೀಸನ್ ಬಂದರೆ ಇಳಿಸಿಬಿಡ್ತೀನಿ.

ಪಂಕ್ಚರ್ ಅಂಗಡಿಯವನಿಗೆ ಒಮ್ಮೆ ಮೈತುಂಬ ಸ್ನಾನ ಆಗಿದೆ. ಈಗ ನನ್ನ ಗಾಡಿ ಕಂಡರೆ ಪಾನಾ ಮುಟ್ಟೋ ಮೊದಲೇ ದೂರದಿಂದ ಕೂಗ್ತಾನೆ: "ಅಣ್ಣಾರ, ನೀರೈತೇನ್ರಿ?"