ಮಡಿಕೇರಿಯ ಹಳೇ ಕಚೇರಿಯಲ್ಲಿ ಬಾಡಿಗೆ ಮೇಜು: ಒಂದು ಕಕ್ಕಡದ ಅನುಭವ

ಕಕ್ಕಡ ಅಂದರೆ ಕೊಡಗಿನ ಜಡಿಮಳೆಯ ತಿಂಗಳು. ಆಗ ನಮ್ಮೂರಲ್ಲಿ ಕರೆಂಟ್ ಹೋದರೆ ಮೂರು ದಿನ ಪತ್ತೆ ಇರುವುದಿಲ್ಲ. ನಾನು ಹೋಂಸ್ಟೇ, ಅಂಗಡಿಗಳ ಲೆಕ್ಕ ಬರೆಯುವವಳು. 20ನೇ ತಾರೀಕಿನೊಳಗೆ ಜಿಎಸ್‌ಟಿ ರಿಟರ್ನ್ ಹಾಕಲೇಬೇಕು. ಅದಕ್ಕೇ ಮಡಿಕೇರಿಯಲ್ಲಿ, ರಿಪೇರಿ ಮಾಡಿ ಮೇಜುಗಳನ್ನು ಬಾಡಿಗೆಗೆ ಕೊಡುವ ಹಳೇ ಕಚೇರಿಯೊಂದರಲ್ಲಿ ತಿಂಗಳಿಗೆ 4,500 ರೂಪಾಯಿ ಕೊಟ್ಟು ಒಂದು ಮೇಜು ಹಿಡಿದೆ.

ಕಟ್ಟಡ 1960ರ ದಶಕದ್ದು. ಕೊಡಗು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಎದ್ದದ್ದು. ಚಪ್ಪಟೆ ತಾರಸಿ, ಉದ್ದನೆಯ ಸಜ್ಜ, ಪಶ್ಚಿಮದ ಗೋಡೆಗೆ ಸಿಮೆಂಟ್ ಜಾಲಿ. ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಚಂಡೀಗಢ ಕಟ್ಟಿದ ಕಾಲದ ಫ್ಯಾಷನ್ ಅದು. ಅಲ್ಲಿ ಸುಡುವ ಬಿಸಿಲು, ಸರಿ. ಇಲ್ಲಿ ಆ ಜಾಲಿಯಿಂದ ನೇರ ಒಳಗೆ ಬರುವುದು ಪಡುವಣದ ಮಳೆ! ಹಿಂದೆ ಇಲ್ಲಿದ್ದ ಗುಮಾಸ್ತರು ಫೈಲುಗಳನ್ನು ಹೇಗೆ ಒಣಗಿಸುತ್ತಿದ್ದರೋ.

ರಿಪೇರಿ ಮಾಡಿದವರು ಜಾಲಿ ಒಡೆಯದೆ ಒಳಗಡೆ ಗಾಜು ಕೂರಿಸಿದ್ದಾರೆ. ಒಳಗೆ ಒಂದು ಹನಿ ಬರುವುದಿಲ್ಲ, ಬೆಳಕು ಮಾತ್ರ ಚೌಕ ಚೌಕವಾಗಿ ಬೀಳುತ್ತದೆ. ತಾರಸಿಯ ಮೇಲೆ ಇಳಿಜಾರಾಗಿ ಶೀಟು ಹೊದಿಸಿದ್ದಾರೆ. ಇದರಿಂದ ಕಟ್ಟಡದ ಅಂದ ಕೆಟ್ಟಿತು ಅಂತ ಬೆಂಗಳೂರಿನಿಂದ ಬಂದ ಹುಡುಗನೊಬ್ಬ ಗೊಣಗಿದ. ಇಲ್ಲಿ ಒಂದು ಮಳೆಗಾಲ ಕಳೆದು ಆಮೇಲೆ ಹೇಳಪ್ಪ ಅಂದೆ.

ನನಗೆ ತುಂಬಾ ಹಿಡಿಸಿದ್ದು ಮೋಲ್ಡಿನ, ಅಂದರೆ ಸಿಮೆಂಟ್ ಚಾವಣಿಯ, ಕೆಲಸ. ವರ್ಷಗಟ್ಟಲೆ ನೀರು ಇಳಿದು ಒಳಗಿನ ಕಬ್ಬಿಣ ತುಕ್ಕು ಹಿಡಿದಿತ್ತು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಸಿಮೆಂಟನ್ನು ಒಳಗಿನಿಂದಲೇ ಒಡೆದು ಕೆಡವುತ್ತದೆ. ಹಾಳಾದ ಭಾಗ ಕೆತ್ತಿ, ಕಂಬಿ ಉಜ್ಜಿ, ತುಕ್ಕು ಹಿಡಿಯದ ಹಾಗೆ ಬಳಿದು, ಮತ್ತೆ ತುಂಬಿದ್ದಾರೆ. ತೇಪೆಗಳಿಗೆ ಬಣ್ಣ ಹೊಡೆದಿಲ್ಲ, ತಲೆ ಎತ್ತಿದರೆ ಕಾಣುತ್ತವೆ. ಪಿಒಪಿ ಹಾಕಿ ಮುಚ್ಚಿದ್ದರೆ ನಾಳೆ ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗುತ್ತಿತ್ತಾ? ವೈರುಗಳೂ ಹಾಗೆಯೇ, ಗೋಡೆ ಕೊರೆಯದೆ ಮೇಲಿನಿಂದ ಪೈಪಿನಲ್ಲಿ ಇಳಿಸಿದ್ದಾರೆ. ಯುಪಿಎಸ್, ಇಂಟರ್‌ನೆಟ್ ಒಂದು ದಿನವೂ ಕೈಕೊಡಲಿಲ್ಲ.

ಇನ್ನು ಕಿರಿಕಿರಿ. ಹಳೇ ಕ್ಯಾಬಿನ್ ಗೋಡೆಗಳನ್ನೆಲ್ಲ ತೆಗೆದು ಒಂದೇ ಹಾಲ್ ಮಾಡಿದ್ದಾರೆ. ಕೆಳಗೆ ಮೊಸಾಯಿಕ್, ಮೇಲೆ ಬರೀ ಸಿಮೆಂಟ್, ಪಕ್ಕದಲ್ಲಿ ಗಾಜು. ಶಬ್ದ ಹೀರುವುದಕ್ಕೆ ಒಂದು ಪರದೆಯೂ ಇಲ್ಲ. ಆ ತುದಿಯಲ್ಲಿ ಯಾರೋ ಸಾಲದ ಕಂತಿನ ಬಗ್ಗೆ ಫೋನಲ್ಲಿ ಜಗಳ ಆಡಿದರೆ ಈ ತುದಿಯಲ್ಲಿ ನನಗೆ ಬಡ್ಡಿ ಸಮೇತ ಕೇಳುತ್ತದೆ. ನನ್ನ ಗಿರಾಕಿಗಳ ಲೆಕ್ಕ ಇಲ್ಲಿ ಬಾಯಿಬಿಟ್ಟು ಮಾತಾಡುವುದು ಹೇಗೆ? ಲಿಫ್ಟ್ ಇಲ್ಲ. ಮಂಡಿನೋವಿನ ಗಿರಾಕಿಯೊಬ್ಬರಿಗೆ ಮೆಟ್ಟಿಲ ಕೆಳಗೆ ನಿಂತೇ ರಸೀದಿ ತೋರಿಸಿದೆ. ಹೆಂಗಸರಿಗೆ ಟಾಯ್ಲೆಟ್ ಒಂದೇ, ಅದೂ ಕೆಳಗೆ. ಕಟ್ಟಿದವರ ಲೆಕ್ಕದಲ್ಲಿ ನಾವು ಇರಲೇ ಇಲ್ಲ ಬಿಡಿ, ಆದರೆ ರಿಪೇರಿ ಮಾಡಿದವರಿಗೂ ನೆನಪಾಗಲಿಲ್ಲವೇ?

ಎಲ್ಲಕ್ಕಿಂತ ತಮಾಷೆ ಅಂದರೆ ಕೊಡೆ ಇಡಲು ಜಾಗವೇ ಇಲ್ಲ. ಮಡಿಕೇರಿಯಲ್ಲಿ! ಪಾಲಿಶ್ ಮಾಡಿದ ಮೊಸಾಯಿಕ್ ಮೇಲೆ ಇಪ್ಪತ್ತು ಕೊಡೆಗಳ ನೀರು ಹರಿದು, ಎರಡನೇ ದಿನವೇ ನಾನು ಜಾರಿದೆ. ಮ್ಯಾನೇಜರ್‌ಗೆ ಹೇಳಿದೆ. "ನೋಡ್ತೀವಿ ಮೇಡಂ" ಅಂದರು. ಮೂರು ವಾರದ ಮೇಲೆ ಒಂದು ಪ್ಲಾಸ್ಟಿಕ್ ಬಕೆಟ್ ಬಂತು.

ಸೆಪ್ಟೆಂಬರ್‌ಗೂ ದುಡ್ಡು ಕಟ್ಟಿದ್ದೇನೆ. ಹೋಗುವವರು ಮೂಡಣ ಕಿಟಕಿಯ ಮೂಲೆ ಮೇಜು ಕೇಳಿ, ಅಲ್ಲಿ ಗಲಾಟೆ ಸ್ವಲ್ಪ ಕಡಿಮೆ.