ಸಮಾಜಕಾರ್ಯ ಪದವಿ: ಓದಿ ಮುಗಿಸಿದವಳ ಅನಿಸಿಕೆ

ಕರುಣೆಯೊಂದಿದ್ದರೆ ಸಾಕು ಎಂದುಕೊಂಡು ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ ಸೇರಿದೆ. ಜನರ ನಡುವೆ ಹೋಗಿ ಕೆಲಸ ಕಲಿಯುವ ಕ್ಷೇತ್ರಕಾರ್ಯದ ಮೊದಲ ವಾರವೇ ಆ ಭ್ರಮೆ ಇಳಿಯಿತು. ಕುಡಿತ ಬಿಡಲಾಗದ ಒಬ್ಬರಿಗೆ ಅರ್ಧ ಗಂಟೆ ಬುದ್ಧಿ ಹೇಳಿ ಬಂದಿದ್ದೆ. ವರದಿ ಓದಿದ ಮೇಲ್ವಿಚಾರಕಿ, 'ಅವರು ಏನು ಹೇಳಿದರು?' ಎಂದಷ್ಟೇ ಕೇಳಿದರು. ಬರೆಯಲು ನನ್ನಲ್ಲಿ ಒಂದು ಸಾಲೂ ಇರಲಿಲ್ಲ. ಈ ಕೋರ್ಸಿನ ಜೀವಾಳವೇ ಆ ಮೇಲ್ವಿಚಾರಣೆ; ವ್ಯಕ್ತಿಗತ ಕಾರ್ಯ, ಗುಂಪು ಕಾರ್ಯ, ಸಮುದಾಯ ಸಂಘಟನೆ ಎಂಬ ಸಮಾಜಕಾರ್ಯದ ವಿಧಾನಗಳೆಲ್ಲವೂ ಅರ್ಥವಾದದ್ದು ಅಲ್ಲಿಯೇ. ತರಗತಿಯ ಪಾಠ ಮಾತ್ರ ಸಪ್ಪೆ. 1889ರಲ್ಲಿ ಷಿಕಾಗೊದಲ್ಲಿ ಬಡ ವಲಸಿಗರಿಗೆ ನೆರವಾಗುವ ಹಲ್ ಹೌಸ್ ಕೇಂದ್ರ ತೆರೆದ ಜೇನ್ ಆಡಮ್ಸ್ ಅವರ ಕಥೆಯನ್ನೂ ಆಕಳಿಸುವಂತೆ ಹೇಳಿದರು! ನೌಕರಿಯಲ್ಲಿ ಕಡತ ಹೆಚ್ಚು, ಸಂಬಳ ಕಡಿಮೆ. ಅಪ್ಪ ಎಚ್ಚರಿಸಿದ್ದು ಸುಳ್ಳಾಗಲಿಲ್ಲ. ಸೇರುವ ಮುನ್ನ ಕ್ಷೇತ್ರಕಾರ್ಯ ವಾರಕ್ಕೆ ಎಷ್ಟು ದಿನ, ವರದಿಯನ್ನು ಓದುವವರು ಯಾರು ಎಂದು ಕೇಳಿ. ತಡವರಿಸಿದರೆ ಬೇರೆ ಕಾಲೇಜು ನೋಡಿ.