ಫರ್ದರ್ ಡೌನ್ ದ ಸ್ಪೈರಲ್: ಕಬ್ಬಿಣದ ಸಪ್ಪಳದಾಗ ದುಃಖ

ಮಶೀನಿನಂಥ ಸಪ್ಪಳದ ರಾಕ್ ಹಾಡು ಮಾಡೋ ಅಮೆರಿಕದ ನೈನ್ ಇಂಚ್ ನೇಲ್ಸ್ ತಂಡದ 1995ರ ರೀಮಿಕ್ಸ್ ಆಲ್ಬಮ್ ಇದು. 1994ರ ‘ದ ಡೌನ್‌ವರ್ಡ್ ಸ್ಪೈರಲ್’ ಹಾಡುಗಳನ್ನ ಬಿಚ್ಚಿ, ಬ್ಯಾರೆಯವರ ಕೈಲೆ ಮತ್ತ ಕಟ್ಟಿಸ್ಯಾರ. ಹುಬ್ಬಳ್ಳಿ ಗೋಕುಲ ರೋಡಿನ್ಯಾಗ ದಿನಾ ಲೇಥ್ ಮಶೀನಿನ ಮುಂದ ನಿಲ್ಲೋ ನನಗ ಕಬ್ಬಿಣದ ಸಪ್ಪಳ ಹೊಸದಲ್ಲ. ಆದ್ರ ಅದರೊಳಗ ಇಷ್ಟು ದುಃಖ ತುಂಬಬಹುದು ಅಂತ ತೋರಿಸಿದವರು ಬ್ರಿಟನ್ನಿನ ಕಾಯಿಲ್ ಅನ್ನೋ ಸಂಗೀತ ತಂಡದವರು. ಅವರ ‘ಇರೇಸರ್’ ಉಸಿರು ಹಿಡಿಸ್ತದ. ಅಮೆರಿಕದ ನಿರ್ಮಾಪಕ ರಿಕ್ ರೂಬಿನ್ ಮಾಡಿದ ‘ಪಿಗ್ಗಿ’ಯೊಳಗ ಡೇವ್ ನವಾರೋ ಗಿಟಾರ್ ಅದ, ಜೋರದ, ಅಷ್ಟ. ಎಲೆಕ್ಟ್ರಾನಿಕ್ ಸಂಗೀತಗಾರ ಏಫೆಕ್ಸ್ ಟ್ವಿನ್ ಅಂತೂ ರೀಮಿಕ್ಸ್ ಬಿಟ್ಟು ತನ್ನದೇ ಹೊಸಾದು ಕೊಟ್ಟಾನ. ಆ ‘ಅಟ್ ದ ಹಾರ್ಟ್ ಆಫ್ ಇಟ್ ಆಲ್’ದಾಗ ಪೆಟ್ಟು ನಿಧಾನ ಬೀಳ್ತಾವ, ಎದಿಗೇ ಬೀಳ್ತಾವ. ನನಗ ಇದ ಎಲ್ಲಾದ್ರಕಿಂತ ದೊಡ್ಡದು. ಮೊದಲ ಮೂಲ ಆಲ್ಬಮ್ ಕೇಳ್ರಿ, ಆಮ್ಯಾಲೆ ಹೆಡ್‌ಫೋನ್ ಹಾಕ್ಕೊಂಡು ಇದನ್ನ. ಅಮೆರಿಕದ ಸೀಡಿಗೂ ಬ್ರಿಟನ್ನಿಂದಕ್ಕೂ ಹಾಡು ಒಂದಿಷ್ಟು ಬ್ಯಾರೆ ಅದಾವ, ನೋಡಿ ತೊಗೋರಿ.